ಸಂತೆಬೆನ್ನೂರಿನ ನೀರಿಗೆ ಯಾವ ಗಾಜು?

(ಓದುಗರ ಕ್ಯಾಮೆರಾ ಪ್ರಶ್ನೆಗಳಿಗೆ ಚಿತ್ರದುರ್ಗದಿಂದ ಉತ್ತರ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಫಿಲ್ಟರ್ ಬಗ್ಗೆಯೇ ಇವೆ. ಮಳೆ ಚೆನ್ನಾಗಿ ಹಿಡಿದಿದೆ, ಎಲ್ಲರೂ ಬ್ಯಾಗು ಕಟ್ಟುತ್ತಿದ್ದೀರಿ ಅಂತ ಕಾಣುತ್ತದೆ.)

ಪ್ರಶ್ನೆ: ಮೇಡಂ, ನಾವು ನಾಲ್ಕು ಜನ ಸ್ನೇಹಿತರು ಮುಂದಿನ ತಿಂಗಳು ಫೋಟೋ ತೆಗೆಯಲೆಂದೇ ಮೂರು ದಿನ ಹೊರಡುತ್ತಿದ್ದೇವೆ. ದಾವಣಗೆರೆಯಿಂದ ಸಂತೆಬೆನ್ನೂರು, ಅಲ್ಲಿಂದ ಜೋಗ, ವಾಪಸ್ ಬರುವಾಗ ನಿಮ್ಮೂರ ಕೋಟೆ ಮತ್ತು ವಾಣಿವಿಲಾಸ ಸಾಗರ. ನನ್ನ ಹತ್ತಿರ ಕ್ಯಾನನ್ ಡಿಎಸ್‌ಎಲ್‌ಆರ್ ಇದೆ. 18-55 ಎಸ್‌ಟಿಎಂ ಮತ್ತು 10-18 ಲೆನ್ಸ್ ಇವೆ. ಅಂಗಡಿಯವರು ಯುವಿ, ಸಿಪಿಎಲ್, ಮೂರು ಥರದ ಎನ್‌ಡಿ, ಚೌಕದ ಗ್ರಾಜುಯೇಟೆಡ್ ಫಿಲ್ಟರು, ಅದಕ್ಕೊಂದು ಹೋಲ್ಡರ್ ಅಂತ ಉದ್ದ ಪಟ್ಟಿ ಬರೆದುಕೊಟ್ಟಿದ್ದಾರೆ. ಎರಡು ಲೆನ್ಸಿಗೂ ಬೇರೆ ಬೇರೆ ಸೆಟ್ ಬೇಕಂತೆ. ನನ್ನ ಕೈಯಲ್ಲಿರುವುದು ಹತ್ತು ಸಾವಿರ. ಯಾವುದನ್ನು ತಗೊಳ್ಳಲಿ, ಯಾವುದನ್ನು ಬಿಡಲಿ?
– ಪಿ.ಜೆ. ಬಡಾವಣೆಯ ಓದುಗ, ದಾವಣಗೆರೆ

ಉತ್ತರ: ನೀವು ಕಳಿಸಿದ ಪಟ್ಟಿ ನೋಡಿದೆ. ಮದುವೆ ಜವಳಿ ಪಟ್ಟಿಯ ಹಾಗಿದೆ, ಸೋದರಮಾವನ ಶಲ್ಯ ಒಂದು ಬಿಟ್ಟುಹೋಗಿದೆ ಅಷ್ಟೆ.

ಒಂದೊಂದು ಗಾಜನ್ನೂ ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿಕೊಳ್ಳಿ. ಇದು ಮಾಡುವ ಕೆಲಸವನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ನಾನೇ ಮಾಡಿಕೊಳ್ಳಬಹುದಾ? ಮಾಡಬಹುದಾದರೆ ಆ ಗಾಜು ಅಂಗಡಿಯಲ್ಲೇ ಇರಲಿ. ಬೆಚ್ಚನೆ ಬಣ್ಣ, ತಣ್ಣನೆ ಬಣ್ಣ, ಆಕಾಶ ಸ್ವಲ್ಪ ಕಪ್ಪಗೆ, ಇವೆಲ್ಲ ಈಗ ಮೌಸಿನ ಕೆಲಸ. ಕಂಪ್ಯೂಟರಿನಲ್ಲಿ ಸುಲಭಕ್ಕೆ ಆಗದೇ ಇರುವುದು ಎರಡೇ. ನೀರು, ಎಲೆ, ಒದ್ದೆ ಬಂಡೆಯ ಮೇಲಿನ ಹೊಳಪು ತೆಗೆಯುವುದು ಒಂದು. ಹಾಡಹಗಲಿನಲ್ಲಿ ಶಟರನ್ನು ಸೆಕೆಂಡುಗಟ್ಟಲೆ ತೆರೆದಿಡುವುದು ಇನ್ನೊಂದು. ಮೊದಲನೆಯದಕ್ಕೆ ಸಿಪಿಎಲ್, ಅಂದರೆ ತಿರುಗಿಸುವ ಪೋಲರೈಸರ್ ಗಾಜು. ಎರಡನೆಯದಕ್ಕೆ ಬೆಳಕು ತಗ್ಗಿಸುವ ಎನ್‌ಡಿ. ನಿಮ್ಮ ಹತ್ತು ಸಾವಿರ ಈ ಎರಡರಾಚೆ ಹೋಗುವುದು ಬೇಡ.

ಯುವಿ, ಅಂದರೆ ನೇರಳಾತೀತ ಕಿರಣ ತಡೆಯುವ ಗಾಜಿನ ವಿಷಯ ಬೇಗ ಮುಗಿಸುತ್ತೇನೆ. ರೀಲಿನ ಕಾಲದಲ್ಲಿ ದೂರದ ಬೆಟ್ಟಗಳು ಮಂಜು ಮಂಜಾಗಿ ನೀಲಿ ಬರುತ್ತಿದ್ದವು, ಆಗ ಅದಕ್ಕೆ ಕೆಲಸ ಇತ್ತು. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಮುಂದೆ ಕಂಪನಿಯವರೇ ಆ ಕಿರಣ ತಡೆಯುವ ಗಾಜು ಕೂರಿಸಿರುತ್ತಾರೆ. ಈಗ ಯುವಿ ಅಂದರೆ ಲೆನ್ಸಿಗೊಂದು ಮುಸುಕು, ಅಷ್ಟೆ. ಮದುವೆಗೆ ಒಯ್ಯುವ ಲೆನ್ಸಿಗೆ ನಾನೂ ಒಂದು ಹಾಕಿದ್ದೇನೆ, ಅಕ್ಷತೆ ಬಂದು ಬಡಿಯುತ್ತದೆ, ಅರಿಶಿನದ ನೀರು ಹಾರುತ್ತದೆ ಅಂತ. ಬೆಟ್ಟ ಗುಡ್ಡಕ್ಕೆ ಹೋದಾಗ ಬಿಚ್ಚಿಡುತ್ತೇನೆ. ಎದುರಿಗೆ ಸೂರ್ಯ ಇದ್ದರೆ ಆ ಗಾಜೊಳಗೇ ಬೆಳಕು ಕುಣಿದು ಚಿತ್ರದಲ್ಲಿ ಹಸಿರು ಚುಕ್ಕೆ ಬೀಳುತ್ತದೆ. ಧೂಳು, ಪೆಟ್ಟು ತಡೆಯುವುದಕ್ಕೆ ಲೆನ್ಸ್ ಹುಡ್ ಸಾಕು.

ಎರಡು ಸೆಟ್ ಯಾಕೆ ಬೇಡ ಅಂತ ಹೇಳುತ್ತೇನೆ. ಲೆನ್ಸಿನ ಬಾಯಿ ಹತ್ತಿರ ಸೊನ್ನೆಗೆ ಅಡ್ಡಗೀಟು ಎಳೆದ ಗುರುತು ಇರುತ್ತದೆ, ಪಕ್ಕದಲ್ಲಿ ಒಂದು ಸಂಖ್ಯೆ. ಅದೇ ಫಿಲ್ಟರಿನ ಅಳತೆ. ನಿಮ್ಮ 18-55 ಎಸ್‌ಟಿಎಂನದು 58 ಮಿಲಿಮೀಟರ್, 10-18ರದು 67. ನೀವು 67ರದ್ದನ್ನೇ ತಗೊಳ್ಳಿ. ಚಿಕ್ಕ ಲೆನ್ಸಿಗೆ 58ರಿಂದ 67ಕ್ಕೆ ಹೋಗುವ ಸ್ಟೆಪ್ ಅಪ್ ರಿಂಗ್ ಹಾಕಿ. ಕೆಲವೇ ನೂರು ರೂಪಾಯಿಯ ಲೋಹದ ಬಳೆ ಅದು. ಮುಂದೆ 77ರ ದೊಡ್ಡ ಲೆನ್ಸ್ ಕೊಳ್ಳುವ ಆಸೆ ಗಟ್ಟಿಯಾಗಿ ಇದ್ದರೆ ಈಗಲೇ 77ರ ಫಿಲ್ಟರು ತಗೊಂಡು ಎರಡಕ್ಕೂ ರಿಂಗ್ ಹಾಕಬಹುದು. ಬರೀ ಆಸೆಯಾದರೆ ಬೇಡ, ಗಾಜು ದೊಡ್ಡದಾದಷ್ಟೂ ರೇಟು ಜಾಸ್ತಿ. ರಿಂಗ್ ಹಾಕಿದ ಮೇಲೆ ಹುಡ್ ಕೂರುವುದಿಲ್ಲ. ಕೈ ಅಡ್ಡ ಹಿಡಿದು ನೆರಳು ಮಾಡಿಕೊಳ್ಳಿ.

ಈಗ ಸಿಪಿಎಲ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ನನಗೆ ಇಷ್ಟದ ಗಾಜು.

ಸಂತೆಬೆನ್ನೂರಿನ ಪುಷ್ಕರಣಿಗೆ ಬೆಳಿಗ್ಗೆಯೇ ಹೋಗಿ. ಗಾಳಿ ಎದ್ದಿರುವುದಿಲ್ಲ, ನೀರು ತಟ್ಟೆಯ ಹಾಗಿರುತ್ತದೆ. ಮೆಟ್ಟಿಲ ಮೇಲೆ ಕೂತು ನಡುವಿನ ಮಂಟಪಕ್ಕೆ ಲೆನ್ಸ್ ಹಿಡಿದು ಸಿಪಿಎಲ್‌ನ ಹೊರಗಿನ ಉಂಗುರ ಮೆಲ್ಲಗೆ ತಿರುಗಿಸಿ. ಒಂದು ಕಡೆ ಬಂದಾಗ ನೀರಿನ ಮೇಲಿನ ಬಿಳಿ ಹೊಳಪು ಹೋಗುತ್ತದೆ. ನಿಮ್ಮ ಕಾಲ ಬುಡದಲ್ಲೇ ಮುಳುಗಿದ ಒಂದು ಮೆಟ್ಟಿಲು, ಅದರ ಕೆಳಗಿನದು, ಅದರ ಮೇಲಿನ ಪಾಚಿ ಎಲ್ಲ ಕಾಣುತ್ತದೆ. ಆದರೆ ನೀರಿನಲ್ಲಿ ಕಾಣುತ್ತಿದ್ದ ಮಂಟಪದ ನೆರಳು ಅರ್ಧಕ್ಕರ್ಧ ಮಾಯ! ಇನ್ನೂ ತಿರುಗಿಸಿ. ನೆರಳು ವಾಪಸ್ ಬರುತ್ತದೆ, ಮೆಟ್ಟಿಲು ಮುಚ್ಚಿಹೋಗುತ್ತದೆ. ನಾನು ಮೊದಲ ಸಲ ಹೋದಾಗ 'ಪೂರ್ತಿ ತಿರುಗಿಸಬೇಕು' ಅಂತ ಯಾರೋ ಹೇಳಿದ್ದನ್ನು ನಂಬಿ ಎಲ್ಲ ಚಿತ್ರದಲ್ಲೂ ನೆರಳು ಅಳಿಸಿಕೊಂಡು ಬಂದೆ. ಪುಷ್ಕರಣಿಗೆ ಹೋಗಿ ನೆರಳೇ ಇಲ್ಲದ ಮಂಟಪ ತಂದರೆ ಏನು ಚೆಂದ? ಈಗ ನೆರಳು ಪೂರ್ತಿ ಇರುವಾಗ ಒಂದು, ನಡುವೆ ಒಂದು, ಹೊಳಪು ಪೂರ್ತಿ ಹೋದಾಗ ಒಂದು, ಹೀಗೆ ಮೂರು ತೆಗೆಯುತ್ತೇನೆ. ಮನೆಗೆ ಬಂದ ಮೇಲೆ ಹೆಚ್ಚಾಗಿ ಗೆಲ್ಲುವುದು ನಡುವಿನದು.

ನಮ್ಮ ಕೋಟೆಯಲ್ಲಿ ಇದರ ಕೆಲಸ ಬೇರೆ ಥರ. ಮಳೆ ಬಿದ್ದು ಹೋದ ಹತ್ತು ನಿಮಿಷಕ್ಕೆ ಅಕ್ಕ-ತಂಗಿ ಹೊಂಡದ ಕಡೆ ಹೋಗಿ ನೋಡಿ. ಒದ್ದೆ ಬಂಡೆ ಮೇಲೆ ಆಕಾಶದ ಬೆಳಕು ಬಿದ್ದು ಬಂಡೆಯೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತದೆ. ಉಂಗುರ ತಿರುಗಿಸಿದರೆ ಆ ಬಿಳಿ ಜಾರಿ ಕೆಳಗಿನ ನಿಜವಾದ ಬಣ್ಣ ಬರುತ್ತದೆ. ಕಂದು, ಅದರಲ್ಲಿ ಸಣ್ಣ ಕಪ್ಪು ಚುಕ್ಕೆ, ನೀರಿಳಿದ ಕಡೆ ಉದ್ದಕ್ಕೆ ಕಪ್ಪು ಪಟ್ಟೆ. ಕಂಪ್ಯೂಟರಿನಲ್ಲಿ ಎಷ್ಟು ಎಳೆದಾಡಿದರೂ ಇದು ಬರುವುದಿಲ್ಲ. ಬಿಳಿ ಮುಚ್ಚಿದ ಕಡೆ ಕ್ಯಾಮೆರಾಕ್ಕೆ ಬಣ್ಣ ಸಿಕ್ಕಿದ್ದರೆ ತಾನೇ ಕಂಪ್ಯೂಟರ್ ತೋರಿಸುವುದು.

ಆಕಾಶಕ್ಕೂ ಸಿಪಿಎಲ್ ಕೆಲಸ ಮಾಡುತ್ತದೆ, ಆದರೆ ಎಲ್ಲ ದಿಕ್ಕಿನಲ್ಲೂ ಅಲ್ಲ. ತೋರುಬೆರಳನ್ನು ಸೂರ್ಯನ ಕಡೆ ಚಾಚಿ, ಹೆಬ್ಬೆರಳನ್ನು ಅದಕ್ಕೆ ಅಡ್ಡವಾಗಿ ನೆಟ್ಟಗೆ ನಿಲ್ಲಿಸಿ, ಮಕ್ಕಳು ಪಿಸ್ತೂಲು ಮಾಡುತ್ತಾರಲ್ಲ ಹಾಗೆ. ಈಗ ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ತೋರಿದ ಕಡೆಯೆಲ್ಲ ನೀಲಿ ಗಾಢವಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಸೂರ್ಯ ಪೂರ್ವಕ್ಕಿದ್ದರೆ ಉತ್ತರ, ದಕ್ಷಿಣದ ಆಕಾಶ ಕಪ್ಪು ನೀಲಿಯಾಗುತ್ತದೆ. ಸೂರ್ಯನ ಎದುರಿಗೂ ಬೆನ್ನಿಗೂ ಏನೂ ಆಗುವುದಿಲ್ಲ. ಇಲ್ಲೇ ನಿಮ್ಮ 10-18 ಕೈ ಕೊಡುತ್ತದೆ. ಅದು ಅಷ್ಟಗಲ ಆಕಾಶ ಹಿಡಿಯುವಾಗ ನಡುವೆ ಒಂದು ಕಡೆ ಮಾತ್ರ ಕಪ್ಪಾಗಿ ಎರಡೂ ಪಕ್ಕ ತಿಳಿಯಾಗಿ ಉಳಿಯುತ್ತದೆ. ಬಿಳಿ ಪಂಚೆಗೆ ಎಣ್ಣೆ ಚೆಲ್ಲಿದ ಹಾಗೆ ಕಾಣುತ್ತದೆ. ಅಗಲದ ಲೆನ್ಸಿನಲ್ಲಿ ಆಕಾಶ ಇದ್ದರೆ ಸಿಪಿಎಲ್ ಬಿಚ್ಚಿ. ಒನಕೆ ಓಬವ್ವನ ಕಿಂಡಿಯಂಥ ಇಕ್ಕಟ್ಟಿನಲ್ಲೂ ಬಿಚ್ಚಿ. ಅಲ್ಲಿ ಬೆಳಕೇ ಕಮ್ಮಿ, ಈ ಗಾಜು ಇನ್ನೂ ಒಂದೂವರೆ ಸ್ಟಾಪ್ ನುಂಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕಿಳಿಯುವುದು).

ಜೋಗಕ್ಕೆ ಬಂದರೆ ಮೊದಲು ಸಿಪಿಎಲ್, ಆಮೇಲೆ ಎನ್‌ಡಿ. ಕಾಮನಬಿಲ್ಲು ಎದ್ದಾಗ ಮಾತ್ರ ಎಚ್ಚರ, ತಪ್ಪು ಕಡೆ ತಿರುಗಿಸಿದರೆ ಬಿಲ್ಲು ಅಳಿಸಿಹೋಗುತ್ತದೆ. ಇನ್ನೊಂದು ಕಡೆ ತಿರುಗಿಸಿದರೆ ಮೊದಲಿಗಿಂತ ಚೊಕ್ಕ ಕಾಣುತ್ತದೆ.

ಎನ್‌ಡಿ ಅಂದರೆ ಬೂದು ಬಣ್ಣದ ಗಾಜು. ಬೆಳಕನ್ನು ಎಷ್ಟು ಪಾಲು ಮಾಡಿ ಒಂದು ಪಾಲು ಒಳಗೆ ಬಿಡುತ್ತದೆ ಅನ್ನುವುದೇ ಅದರ ಮೇಲಿನ ಸಂಖ್ಯೆ. ಎನ್‌ಡಿ8 ಮೂರು ಸ್ಟಾಪ್, ಎನ್‌ಡಿ64 ಆರು ಸ್ಟಾಪ್, ಎನ್‌ಡಿ1000 ಹತ್ತು ಸ್ಟಾಪ್. ಮೋಡದ ದಿನ ಫಿಲ್ಟರಿಲ್ಲದೆ 1/60 ಸೆಕೆಂಡ್ ಬರುತ್ತಿದೆ ಅಂದುಕೊಳ್ಳಿ. ಎನ್‌ಡಿ8 ಹಾಕಿದರೆ 1/8 ಆಗುತ್ತದೆ, ಎನ್‌ಡಿ64ಕ್ಕೆ ಹೆಚ್ಚುಕಮ್ಮಿ ಒಂದು ಸೆಕೆಂಡ್, ಎನ್‌ಡಿ1000ಕ್ಕೆ ಹದಿನೇಳು ಸೆಕೆಂಡ್. ಜೋಗ ಬೀಳುವುದು 253 ಮೀಟರ್ ಎತ್ತರದಿಂದ. ಹದಿನೇಳು ಸೆಕೆಂಡ್ ಶಟರ್ ತೆರೆದಿಟ್ಟರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದೇ ಥರ ಬಿಡಿಸಿದ ಹತ್ತಿಯ ಹಾಗಾಗುತ್ತವೆ. ಹತ್ತಿ ನೋಡುವುದಕ್ಕೆ ದಾವಣಗೆರೆಯವರು ಜೋಗದ ತನಕ ಹೋಗಬೇಕಾ? ರಾಕೆಟ್ ಚಿಮ್ಮುವ ರೀತಿ, ರಾಣಿ ಬಂಡೆ ಸವರಿಕೊಂಡು ಇಳಿಯುವ ರೀತಿ ಕಾಣಬೇಕಾದರೆ ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್ ಸಾಕು. ಅದಕ್ಕೇ ಎನ್‌ಡಿ64 ಒಂದೇ ತಗೊಳ್ಳಿ ಅನ್ನುತ್ತಿದ್ದೇನೆ. ಮೋಡ ದಟ್ಟವಾಗಿದ್ದರೆ ಸಿಪಿಎಲ್ ಒಂದೇ ಹಾಕಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ಕ್ಕೆ ಇಳಿಸಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್/11 ಇಟ್ಟರೂ ಕಾಲು ಸೆಕೆಂಡ್ ಹತ್ತಿರ ಬರುತ್ತದೆ. ತಿರುಗಿಸಿ ಕಪ್ಪು ಹೆಚ್ಚು-ಕಮ್ಮಿ ಮಾಡುವ ವೇರಿಯಬಲ್ ಎನ್‌ಡಿ ಬೇಡ. ಅದು ಎರಡು ಪೋಲರೈಸರ್ ಒಟ್ಟಿಗೆ ಕೂರಿಸಿದ್ದು, ಅಗಲದ ಲೆನ್ಸಿಗೆ ಹಾಕಿ ಪೂರ್ತಿ ತಿರುಗಿಸಿದರೆ ಚಿತ್ರದ ನಡುವೆ ದೊಡ್ಡದೊಂದು ಕಪ್ಪು ಗುಣಿಸು ಗುರುತು ಬೀಳುತ್ತದೆ.

ವಾಣಿವಿಲಾಸ ಸಾಗರದ ಹೆಸರು ಬರೆದಿದ್ದೀರಲ್ಲ, ನನ್ನ ಮಾನ ಹೋದ ಕಥೆ ಹೇಳಲೇಬೇಕು. ನಾವು ಮಾರಿಕಣಿವೆ ಅನ್ನುವ ಆ ಅಣೆಕಟ್ಟು ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಒಂದು ಸಲ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಕಳೆದು. ಇಡೀ ಜಿಲ್ಲೆಯೇ ಅಲ್ಲಿಗೆ ಹೊರಟಿತ್ತು. ನಾನೂ ಅಕ್ಕನ ಮಗನ ಬೈಕ್ ಹತ್ತಿ ಹೋದೆ. ಬ್ಯಾಗಿನಲ್ಲಿ ಹೊಸ ಎನ್‌ಡಿ1000. ಜನರ ನೂಕುನುಗ್ಗಲಿನಲ್ಲಿ ಟ್ರೈಪಾಡ್ ನಿಲ್ಲಿಸಿದ್ದೇ ದೊಡ್ಡ ಸಾಹಸ. ಆತುರದಲ್ಲಿ ಫೋಕಸ್ ಮಾಡುವ ಮೊದಲೇ ಗಾಜು ತಿರುಗಿಸಿ ಕೂರಿಸಿಬಿಟ್ಟೆ. ಆ ಕಪ್ಪು ಗಾಜಿನ ಹಿಂದೆ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ, ಲೆನ್ಸ್ ಗುರ್ ಗುರ್ ಅಂತ ಹಿಂದೆ ಮುಂದೆ ಓಡಿ ಎಲ್ಲೋ ಒಂದು ಕಡೆ ನಿಂತಿತು. ಇಪ್ಪತ್ತೆರಡು ಚಿತ್ರ ತೆಗೆದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆಂದ ಕಂಡವು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಇಪ್ಪತ್ತೆರಡೂ ಮಸುಕು. ಹುಡುಗ ಮೊಬೈಲಿನಲ್ಲಿ ಸುಮ್ನೆ ಒತ್ತಿದ ಒಂದು ಚಿತ್ರವೇ ಈಗ ನಮ್ಮನೆ ಹಾಲ್‌ನ ಗೋಡೆ ಮೇಲಿರುವುದು. ಬಂದವರೆಲ್ಲ 'ನೀವೇ ತೆಗೆದದ್ದಾ?' ಅಂತ ಕೇಳುತ್ತಾರೆ.

ಹಾಗಾಗಿ ಕ್ರಮ ಇಷ್ಟು. ಟ್ರೈಪಾಡ್ ನಿಲ್ಲಿಸಿ, ಚೌಕಟ್ಟು ನೋಡಿ, ಫೋಕಸ್ ಮಾಡಿ. ಲೆನ್ಸ್ ಪಕ್ಕದ ಗುಂಡಿಯನ್ನು ಮ್ಯಾನುಯಲ್‌ಗೆ ತಳ್ಳಿ. ಅಲುಗಾಟ ತಡೆಯುವ ಗುಂಡಿ ಆಫ್ ಮಾಡಿ. ಆಮೇಲೆ ಗಾಜು ಹಾಕಿ, ಹಾಕುವಾಗ ಫೋಕಸ್ ಬಳೆಗೆ ಕೈ ತಾಗದಿರಲಿ. ಕಣ್ಣಿಡುವ ಕಿಂಡಿಯಿಂದಲೂ ಬೆಳಕು ನುಗ್ಗಿ ಲೆಕ್ಕ ಕೆಡಿಸುತ್ತದೆ. ಕುತ್ತಿಗೆಗೆ ಹಾಕುವ ಕ್ಯಾನನ್ ಪಟ್ಟಿಯಲ್ಲಿ ರಬ್ಬರಿನ ಚಿಕ್ಕ ಮುಚ್ಚಳ ಸಿಕ್ಕಿಸಿರುತ್ತಾರೆ, ಅದು ಇರುವುದು ಆ ಕಿಂಡಿ ಮುಚ್ಚುವುದಕ್ಕೇ. ಬಹಳ ಜನ ಅದನ್ನು ಅಲಂಕಾರ ಅಂದುಕೊಂಡಿದ್ದಾರೆ.

ಉಳಿದದ್ದು ಅರ್ಧ ಕಪ್ಪು, ಅರ್ಧ ತಿಳಿ ಇರುವ ಗ್ರಾಜುಯೇಟೆಡ್ ಗಾಜು. ಆಕಾಶದ ಬೆಳಕನ್ನಷ್ಟೇ ತಗ್ಗಿಸುವುದಕ್ಕೆ ಇದು. ಸಮುದ್ರದಂತೆ ನೆಲ-ಆಕಾಶದ ಗೆರೆ ನೆಟ್ಟಗಿದ್ದ ಕಡೆ ಚೆನ್ನ. ನಮ್ಮೂರಲ್ಲಿ ಯಾವ ಗೆರೆ ನೆಟ್ಟಗಿದೆ ಹೇಳಿ? ಬಂಡೆ ಮೇಲೆ ಬಂಡೆ, ಅದರ ಮೇಲೆ ಬತೇರಿ. ಅಡ್ಡಗೆರೆ ಗಾಜು ಹಾಕಿದರೆ ಆಕಾಶದ ಜೊತೆ ಕೋಟೆಯ ತೆನೆಗಳೂ ಕಪ್ಪಾಗುತ್ತವೆ. ಅದರ ಬದಲು ಒಂದೇ ಜಾಗದಲ್ಲಿ ಬೆಳಕು ಹೆಚ್ಚು, ಸರಿ, ಕಮ್ಮಿ ಅಂತ ಮೂರು ಚಿತ್ರ ತೆಗೆದು ಮನೆಯಲ್ಲಿ ಕೂಡಿಸಿ. ಖರ್ಚಿಲ್ಲ.

ಲೆಕ್ಕಕ್ಕೆ ಬಂದರೆ, 67ರ ಒಂದು ಒಳ್ಳೆ ಸಿಪಿಎಲ್, 67ರ ಒಂದು ಎನ್‌ಡಿ64, ಒಂದು ರಿಂಗು. ಹೋಯಾ, ನೀಸಿ, ಬಿ+ಡಬ್ಲ್ಯು ಯಾವುದಾದರೂ ಸರಿ, ಗಾಜಿನ ಎರಡೂ ಮುಖಕ್ಕೆ ಕೋಟಿಂಗ್ ಇರಲಿ. ಎರಡನ್ನೂ ಒಂದರ ಮೇಲೊಂದು ಹಾಕಿದರೆ 10-18ರಲ್ಲಿ ಮೂಲೆಗಳು ಕಪ್ಪಾಗಬಹುದು, ಸ್ವಲ್ಪ ಜೂಮ್ ಮಾಡಿಕೊಳ್ಳಿ. ಮಿಕ್ಕ ದುಡ್ಡನ್ನು ಟ್ರೈಪಾಡಿಗೆ ಸೇರಿಸಿ. ಟ್ರೈಪಾಡ್ ಇಲ್ಲದವನ ಕೈಯಲ್ಲಿ ಎನ್‌ಡಿ ಗಾಜು ಬೋಳನ ಕೈಯಲ್ಲಿ ಬಾಚಣಿಗೆ. ಕೋಟೆ ಮಾತ್ರ ಪುರಾತತ್ವ ಇಲಾಖೆಯದು, ಟ್ರೈಪಾಡಿಗೆ ಅನುಮತಿ ಕೇಳುತ್ತಾರೆ, ಮೊದಲೇ ವಿಚಾರಿಸಿಕೊಂಡು ಹೋಗಿ. ಜೋಗದಲ್ಲಿ ತುಂತುರು ಹಾರುತ್ತದೆ, ಹಳೆಯ ಮೆತ್ತನೆ ಹತ್ತಿ ಪಂಚೆಯ ನಾಲ್ಕು ತುಂಡು ಜೇಬಿನಲ್ಲಿರಲಿ.

ಪ್ರಶ್ನೆ: ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಪಿಎಲ್ ತರಿಸಿದೆ. ತಿರುಗಿಸಿದರೆ ಏನೂ ವ್ಯತ್ಯಾಸ ಕಾಣುತ್ತಿಲ್ಲ. ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು?
– ಕಾಲೇಜು ವಿದ್ಯಾರ್ಥಿನಿ, ಹರಿಹರ

ಉತ್ತರ: ಲ್ಯಾಪ್‌ಟಾಪ್ ಆನ್ ಮಾಡಿ, ಬಿಳಿ ಪರದೆ ಇರಲಿ. ಗಾಜಿನ ಹೊರಮುಖ ಪರದೆ ಕಡೆ, ಲೆನ್ಸಿಗೆ ಕೂರಿಸುವ ತಿರುಪಿನ ಗೆರೆ ಇರುವ ಮುಖ ನಿಮ್ಮ ಕಣ್ಣ ಕಡೆ ಇರುವಂತೆ ಹಿಡಿದು ನೋಡುತ್ತಾ ತಿರುಗಿಸಿ. ಎಲ್‌ಸಿಡಿ ಪರದೆಯ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು. ಅಸಲಿ ಸಿಪಿಎಲ್ ಆದರೆ ಒಂದು ಹಂತದಲ್ಲಿ ಪರದೆ ಕಪ್ಪಾಗುತ್ತದೆ, ಕಾಲು ಸುತ್ತು ತಿರುಗಿಸಿದರೆ ಮತ್ತೆ ಬೆಳಗುತ್ತದೆ. ಏನೇ ಮಾಡಿದರೂ ಒಂದೇ ಥರ ಇದ್ದರೆ ಅದು ಬರೀ ಬಣ್ಣದ ಗಾಜು. ಹಿಂದುಮುಂದು ಹಿಡಿದರೆ ಅಸಲಿಯೂ ಕಪ್ಪಾಗುವುದಿಲ್ಲ, ಬಣ್ಣ ಒಂಚೂರು ಅತ್ತಿತ್ತ ಆಗುತ್ತದೆ ಅಷ್ಟೆ. ಅದಕ್ಕೇ ಎರಡೂ ಕಡೆ ನೋಡಿ ತೀರ್ಮಾನ ಮಾಡಿ. ನಾನೂ ಒಂದು ಸಲ ಪಿಗ್ಗಿ ಬಿದ್ದಿದ್ದೇನೆ. ಊರ ಹೆಸರು, ಅಂಗಡಿ ಹೆಸರು ಬೇಡ. ಆ ಗಾಜನ್ನು ನನ್ನ ತಂಗಿ ಉಪ್ಪಿನಕಾಯಿ ಲೋಟಕ್ಕೆ ಮುಚ್ಚಳ ಮಾಡಿಕೊಂಡಿದ್ದಾಳೆ, ಸರಿಯಾಗಿ ಕೂರುತ್ತದೆ.

ಅಸಲಿ ಅಂತ ಗೊತ್ತಾದ ಮೇಲೂ ಹೊರಗೆ ವ್ಯತ್ಯಾಸ ಕಾಣದಿದ್ದರೆ ನೀವು ಸೂರ್ಯನಿಗೆ ಬೆನ್ನು ಮಾಡಿ ನಿಂತಿರಬೇಕು. ಹರಿಹರದವರು ತುಂಗಭದ್ರೆಯ ದಡಕ್ಕೆ ಹೋಗಿ ನೀರನ್ನು ಸ್ವಲ್ಪ ಓರೆಯಾಗಿ ನೋಡಿ ತಿರುಗಿಸಿ. ನೀರಿನ ಮಟ್ಟಕ್ಕೆ ನಿಮ್ಮ ನೋಟ ಹೆಚ್ಚುಕಮ್ಮಿ 37 ಡಿಗ್ರಿ ಇರುವಾಗ ಹೊಳಪು ಪೂರ್ತಿ ಹೋಗುತ್ತದೆ. ನೇರ ಕೆಳಗೆ ಬಗ್ಗಿ ನೋಡಿದರೆ ಏನೂ ಆಗುವುದಿಲ್ಲ. ಸ್ಟೀಲ್ ಪಾತ್ರೆ ಮೇಲೆ ಪರೀಕ್ಷೆ ಮಾಡಿ ಬೈದುಕೊಳ್ಳಬೇಡಿ, ಲೋಹದ ಹೊಳಪಿಗೆ ಇದು ಬಗ್ಗುವುದಿಲ್ಲ.

ಪ್ರಶ್ನೆ: ಅಕ್ಕಾ, ನನ್ನ ಹತ್ತಿರ ಇರುವುದು ಮೊಬೈಲ್ ಮಾತ್ರ. ಮಕ್ಕಳನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಮೊಬೈಲಿಗೂ ಫಿಲ್ಟರ್ ಬೇಕಾ?
– ಶಾಲಾ ಶಿಕ್ಷಕಿ, ಹೊಳಲ್ಕೆರೆ

ಉತ್ತರ: ಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಯಾರ ಹತ್ತಿರವಾದರೂ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಎರವಲು ತಗೊಳ್ಳಿ. ಅದರ ಒಂದು ಗಾಜನ್ನು ಮೊಬೈಲ್ ಕ್ಯಾಮೆರಾಕ್ಕೆ ಅಂಟಿಸಿದ ಹಾಗೆ ಹಿಡಿದು, ಕನ್ನಡಕವನ್ನು ನಿಧಾನಕ್ಕೆ ತಿರುಗಿಸುತ್ತಾ ಪರದೆ ನೋಡಿ. ಚಂದ್ರವಳ್ಳಿ ಕೆರೆಯ ಹೊಳಪು ಹೋಗುವುದು, ಬರುವುದು ಕಾಣುತ್ತದೆ. ಬಣ್ಣ ಸ್ವಲ್ಪ ಕಂದು ಬಂದರೆ ಆಮೇಲೆ ಮೊಬೈಲಿನಲ್ಲೇ ಸರಿ ಮಾಡಬಹುದು. ಮಕ್ಕಳ ಕೈಗೂ ಒಮ್ಮೊಮ್ಮೆ ಕೊಡಿ. ಅರ್ಧ ಗಂಟೆ ನಿಮ್ಮ ಹತ್ತಿರ ಯಾರೂ 'ಮಿಸ್, ಬೋರ್' ಅನ್ನುವುದಿಲ್ಲ.

ಪ್ರಶ್ನೆ: ಸಿಪಿಎಲ್ ಲೆನ್ಸಿಗೆ ಕಚ್ಚಿಕೊಂಡು ಬಿಟ್ಟಿದೆ, ಬಿಚ್ಚಲು ಬರುತ್ತಿಲ್ಲ. ಎಣ್ಣೆ ಬಿಡಬಹುದಾ?
– ಜಗಳೂರಿನಿಂದ ಒಬ್ಬರು

ಉತ್ತರ: ಎಣ್ಣೆ, ಬೆಣ್ಣೆ ಎರಡೂ ದೋಸೆಗಿರಲಿ. ಅಗಲದ ರಬ್ಬರ್ ಬ್ಯಾಂಡ್ ಒಂದನ್ನು ಫಿಲ್ಟರಿನ ಅಂಚಿಗೆ ಸುತ್ತಿ, ಬೆರಳ ತುದಿಯಲ್ಲಿ ಸುತ್ತಲೂ ಸಮನಾಗಿ ಹಿಡಿದು ತಿರುಗಿಸಿ. ನಾವು ಮಾಡುವ ತಪ್ಪು ಎಂದರೆ ಎರಡು ಕಡೆ ಗಟ್ಟಿಯಾಗಿ ಒತ್ತುವುದು. ಒತ್ತಿದಷ್ಟೂ ಉಂಗುರ ಮೊಟ್ಟೆಯಾಕಾರಕ್ಕೆ ಬಂದು ಇನ್ನೂ ಕಚ್ಚಿಕೊಳ್ಳುತ್ತದೆ. ಸಿಪಿಎಲ್‌ಗೆ ಎರಡು ಉಂಗುರ, ಹಿಂದಿನದನ್ನು ಹಿಡಿಯಿರಿ. ಮುಂದಿನದನ್ನು ತಿರುಗಿಸಿದರೆ ಸಾಯಂಕಾಲದ ತನಕ ತಿರುಗುತ್ತಲೇ ಇರುತ್ತದೆ. ಬಿಚ್ಚಿದ ಮೇಲೆ ಅದರ ತಿರುಪಿನ ಗೆರೆಗೆ ಪೆನ್ಸಿಲ್ ಸೀಸ ಒಂದು ಸುತ್ತು ಉಜ್ಜಿ, ಉದುರಿದ ಪುಡಿ ಊದಿ ಹಾಕಿ.

ಪ್ರಶ್ನೆ: ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಎನ್‌ಡಿ ಹಾಕಿ ತೆಗೆದೆ. ಕಂಬ ಬಂದಿದೆ, ರೆಕ್ಕೆಗಳೇ ಇಲ್ಲ! ಮೂವತ್ತು ಸೆಕೆಂಡ್ ಇಟ್ಟಿದ್ದೆ.
– ಸಂಜೆ ವಾಕಿಂಗ್ ಹೋಗುವ ಓದುಗರು, ಹೊಸದುರ್ಗ

ಉತ್ತರ: ಪಾಪ, ಕಂಬ ಬೋಳಾಗಿ ನಿಂತಿರುವುದನ್ನು ನೆನೆದು ನಗು ಬಂತು. ವಾಚ್ ಹಿಡಿದು ಒಂದು ಸುತ್ತಿಗೆ ಎಷ್ಟು ಸೆಕೆಂಡ್ ಅಂತ ಎಣಿಸಿ. ನಾಲ್ಕು ಸೆಕೆಂಡ್ ಬಂತು ಅಂದುಕೊಳ್ಳಿ. ನಿಮ್ಮ ಮೂವತ್ತು ಸೆಕೆಂಡಿನಲ್ಲಿ ಅದು ಏಳೂವರೆ ಸುತ್ತು ಹಾಕಿದೆ, ಯಾವ ರೆಕ್ಕೆಯೂ ಒಂದು ಕಡೆ ನಿಂತಿಲ್ಲ, ಹಿಂದಿನ ಆಕಾಶವೇ ಗೆದ್ದಿದೆ. ಅರ್ಧ ಸೆಕೆಂಡ್ ಇಡಿ. ರೆಕ್ಕೆ ಸುತ್ತಿನ ಎಂಟನೇ ಒಂದು ಪಾಲು ಓಡಿರುತ್ತದೆ, ಬೀಸಣಿಗೆ ಬಿಚ್ಚಿದ ಹಾಗೆ ಚೆಂದ ಕಾಣುತ್ತದೆ. ಸಂಜೆ ಬೆಳಕಿಗೆ ಎನ್‌ಡಿ8 ಸಾಕು. ಕ್ಯಾಮೆರಾ ಬ್ಯಾಗನ್ನು ಟ್ರೈಪಾಡಿನ ನಡುಗಂಬಕ್ಕೆ ನೇತುಹಾಕಿ. ರೆಕ್ಕೆ ತಿರುಗಿಸುವ ಗಾಳಿ ಟ್ರೈಪಾಡನ್ನು ಬಿಡುತ್ತದಾ? ಜೋಗಿಮಟ್ಟಿ ಮೇಲೆ ನನ್ನದೊಂದು ಟೋಪಿ ಇನ್ನೂ ಹಾರುತ್ತಿರಬೇಕು.

ಪ್ರಶ್ನೆ: ಎನ್‌ಡಿ1000 ಹಾಕಿ ಸೂರ್ಯನನ್ನೇ ನೇರ ನೋಡಿ ಫೋಟೋ ತೆಗೆಯಬಹುದಾ? ಗ್ರಹಣಕ್ಕೂ ಆಗುತ್ತದಾ?
– ಹತ್ತನೇ ತರಗತಿ ಹುಡುಗ, ಚಳ್ಳಕೆರೆ

ಉತ್ತರ: ಬೇಡ ತಮ್ಮಾ. ಆ ಗಾಜು ಕಣ್ಣಿಗೆ ಕಾಣುವ ಬೆಳಕನ್ನು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತದೆ, ಸೂರ್ಯನಿಗೆ ಅದು ಏನೇನೂ ಸಾಲದು. ಸೂರ್ಯನಿಗೆಂದೇ ಮಾಡಿದ ಸೋಲಾರ್ ಫಿಲ್ಟರ್ ಒಂದು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ ಬಿಡುತ್ತದೆ. ಶಾಖದ ಕಿರಣ ಕಣ್ಣಿಗೆ ಕಾಣುವುದಿಲ್ಲ, ಎನ್‌ಡಿ ಅದನ್ನು ಅಷ್ಟಾಗಿ ತಡೆಯುವುದೂ ಇಲ್ಲ. 2019ರ ಡಿಸೆಂಬರ್ 26ರ ಗ್ರಹಣದ ದಿನ ನಾನು ಕ್ಯಾಮೆರಾ ಹೊರಗೇ ತೆಗೆಯಲಿಲ್ಲ. ಅಂಗಳದಲ್ಲಿ ಬೇವಿನ ಮರದ ನೆರಳು ನೋಡಿದೆ. ಎಲೆಗಳ ಸಂದಿಯಿಂದ ಇಳಿದ ಒಂದೊಂದು ಬೆಳಕಿನ ಚುಕ್ಕೆಯೂ ಕಚ್ಚಿದ ಬಿಸ್ಕತ್ತಿನ ಹಾಗೆ ನೆಲದ ಮೇಲೆ ಬಿದ್ದಿತ್ತು. ಅದನ್ನು ಯಾವ ಫಿಲ್ಟರೂ ಇಲ್ಲದೆ ತೆಗೆಯಬಹುದು, ನೀನೂ ಹಾಗೇ ಮಾಡು.

ಪ್ರಶ್ನೆ: ತೀರಿಕೊಂಡ ನಮ್ಮ ತಂದೆಯವರ ಟ್ರಂಕಿನಲ್ಲಿ ಕ್ಯಾಮೆರಾ ಸಾಮಾನಿನ ಜೊತೆ ಹಳದಿ, ಕಿತ್ತಳೆ, ಕೆಂಪು ಬಣ್ಣದ ಮೂರು ಗಾಜುಗಳು ಸಿಕ್ಕಿವೆ. ಈಗಿನ ಡಿಜಿಟಲ್ ಕ್ಯಾಮೆರಾಕ್ಕೆ ಉಪಯೋಗ ಆಗುತ್ತವಾ? ಎಸೆಯಲು ಮನಸ್ಸಿಲ್ಲ.
– ನಿವೃತ್ತ ಗುಮಾಸ್ತರು, ಹಿರಿಯೂರು

ಉತ್ತರ: ಎಸೆಯಬೇಡಿ ಸಾರ್.

ಅವು ಕಪ್ಪು-ಬಿಳುಪು ರೀಲಿನ ಗಾಜುಗಳು. ಆ ರೀಲಿಗೆ ನೀಲಿ ಬಣ್ಣ ಕಂಡರೆ ಜಾಸ್ತಿ ಮೋಹ. ನೀಲಿ ಆಕಾಶ ಪ್ರಿಂಟಿನಲ್ಲಿ ಹಾಳೆ ಬಿಳಿಯಾಗಿ ಬರುತ್ತಿತ್ತು, ಬಿಳಿ ಮೋಡ ಅದರಲ್ಲಿ ಕರಗಿಹೋಗುತ್ತಿತ್ತು. ಹಳದಿ ಗಾಜು ನೀಲಿಯನ್ನು ಸ್ವಲ್ಪ ತಡೆದು ಮೋಡವನ್ನು ಎತ್ತಿ ತೋರಿಸುತ್ತದೆ. ಕಿತ್ತಳೆ ಇನ್ನೂ ಜಾಸ್ತಿ. ಕೆಂಪು ಹಾಕಿದರೆ ಹಗಲಿನ ಆಕಾಶವೇ ಬಿರುಮಳೆ ಬರುವ ಹಾಗೆ ಕಪ್ಪು. ನಮ್ಮಪ್ಪ ಇಲ್ಲೇ ದುರ್ಗದಲ್ಲಿ ಸ್ಟುಡಿಯೋ ಇಟ್ಟಿದ್ದವರು. ಮದುವೆ ಸೀಸನ್ ಮುಗಿದ ಮೇಲೆ ಕೋಟೆಯ ಫೋಟೋ ತೆಗೆಯಲು ಹೋಗುತ್ತಿದ್ದರು, ನಾನು ಬ್ಯಾಗ್ ಹಿಡಿದು ಹಿಂದೆ. ಹಳದಿ ಗಾಜನ್ನು ಒಂದು ಹಳೆಯ ನಶ್ಯದ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟುಕೊಂಡಿದ್ದರು. ಅದನ್ನು ಮೊದಲು ತಮ್ಮ ಕಣ್ಣಿಗೆ ಹಿಡಿದು, ಆಮೇಲೆ ನನ್ನ ಕಣ್ಣಿಗೆ ಹಿಡಿದು, 'ಮೋಡ ಕಂಡಿತಾ?' ಅಂತ ಕೇಳುವರು. ನನಗೆ ಎಲ್ಲವೂ ಹಳದಿಯಾಗಿ ಕಾಣುತ್ತಿತ್ತು ಅಷ್ಟೆ. 'ಹ್ಞೂಂ' ಅನ್ನುತ್ತಿದ್ದೆ. ಆ ಡಬ್ಬಿ ತೆರೆದರೆ ಈಗಲೂ ಸೀನು ಬರುತ್ತದೆ.

ಡಿಜಿಟಲ್ ಕ್ಯಾಮೆರಾಕ್ಕೆ ಇವನ್ನು ಹಾಕಬೇಡಿ. ಸೆನ್ಸರಿನ ನಾಲ್ಕು ಚುಕ್ಕೆಗಳಲ್ಲಿ ಕೆಂಪು ನೋಡುವುದು ಒಂದೇ, ಹಸಿರಿಗೆ ಎರಡು, ನೀಲಿಗೆ ಒಂದು. ಕೆಂಪು ಗಾಜು ಹಾಕಿದರೆ ಮೂರು ಚುಕ್ಕೆ ಕೆಲಸವಿಲ್ಲದೆ ಕೂರುತ್ತವೆ, ಚಿತ್ರ ಕಾಳು ಕಾಳಾಗುತ್ತದೆ. ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಚಿತ್ರ) ತೆಗೆದು ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಮಾಡುವಾಗ ನೀಲಿಯ ಗುಂಡಿ ಕೆಳಗೆ ಎಳೆದರೆ ಅದೇ ಕೆಲಸ ಆಗುತ್ತದೆ.

ಅವುಗಳ ಜಾಗ ರೀಲಿನ ಕ್ಯಾಮೆರಾದಲ್ಲೇ. ಕಪ್ಪು-ಬಿಳುಪು ರೀಲು ಈಗಲೂ ಸಿಗುತ್ತದೆ. ಹಳದಿಗೆ ಹೆಚ್ಚುಕಮ್ಮಿ ಒಂದು ಸ್ಟಾಪ್, ಕಿತ್ತಳೆಗೆ ಎರಡು, ಕೆಂಪಿಗೆ ಮೂರು ಸ್ಟಾಪ್ ಬೆಳಕು ಜಾಸ್ತಿ ಕೊಡಿ. ಹಾಕುವ ಮೊದಲು ಗಾಜನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಆ ಟ್ರಂಕಿನಿಂದ ಎಲ್ಲವನ್ನೂ ಹೊರಗೆ ತೆಗೆದು ಗಾಳಿ ಬೆಳಕಿನಲ್ಲಿಡಿ. ಅಂದ ಹಾಗೆ, ಟ್ರಂಕಿನಲ್ಲಿದ್ದ ಕ್ಯಾಮೆರಾ ಯಾವುದು ಅಂತ ನೀವು ಬರೆದೇ ಇಲ್ಲವಲ್ಲ ಸಾರ್?